ಕುತ್ತಿಗೆ ನೋಯದ, ಕಣ್ಣಿಗೆ ಬೀಳದ ಕ್ಯಾಮೆರಾ ಸ್ಟ್ರ್ಯಾಪ್: ಆರಿಸುವುದರಿಂದ ಹೊತ್ತು ತಿರುಗುವವರೆಗೆ

ಕ್ಯಾಮೆರಾ ಕೊಂಡಾಗ ಡಬ್ಬಿಯಲ್ಲೇ ಒಂದು ಸ್ಟ್ರ್ಯಾಪ್ ಬರುತ್ತದೆ. ಹೆಚ್ಚಿನವರು ಅದನ್ನೇ ಹಾಕಿಕೊಂಡು ವರ್ಷಗಟ್ಟಲೆ ತಿರುಗುತ್ತಾರೆ. ಕ್ಯಾಮೆರಾಗೆ ಒಂದು ಲಕ್ಷ, ಲೆನ್ಸಿಗೆ ಇನ್ನೊಂದು ಲಕ್ಷ ಕೊಟ್ಟವರೂ ಎರಡು ಸಾವಿರದ ಸ್ಟ್ರ್ಯಾಪ್ ಅಂದರೆ ಹಿಂದೆಮುಂದೆ ನೋಡುತ್ತಾರೆ. ಆದರೆ ಆ ಎರಡು ಲಕ್ಷ ದಿನವಿಡೀ ನೇತಾಡುವುದು ಅದರ ಮೇಲೆಯೇ ಅಲ್ವಾ?

ಕಂಪನಿ ಸ್ಟ್ರ್ಯಾಪಿನಲ್ಲಿ ಎರಡು ತೊಂದರೆ. ಒಂದು, ಬಿರುಸಾದ ಅಂಚು ಕುತ್ತಿಗೆಯನ್ನು ಕೊರೆಯುತ್ತದೆ. ಇನ್ನೊಂದು, ಅದರ ಮೇಲೆ ಬ್ರ್ಯಾಂಡಿನ ಹೆಸರು, ಎಷ್ಟೋ ಸಲ ಮಾಡೆಲ್ ಕೂಡ, ದೊಡ್ಡ ಅಕ್ಷರದಲ್ಲಿ ಇರುತ್ತದೆ. ಇವೆರಡೂ ಬೇರೆ ಬೇರೆ ತೊಂದರೆ ಅನ್ನಿಸಬಹುದು, ಆದರೆ ನನ್ನ ಪ್ರಕಾರ ಒಂದಕ್ಕೊಂದು ಅಂಟಿಕೊಂಡಿವೆ. ಕುತ್ತಿಗೆ ನೋಯುತ್ತಿರುವವರು ಎರಡು ನಿಮಿಷಕ್ಕೊಮ್ಮೆ ಕ್ಯಾಮೆರಾ ಎತ್ತಿ ಸರಿಮಾಡಿಕೊಳ್ಳುತ್ತಾರೆ, ಈ ಭುಜದಿಂದ ಆ ಭುಜಕ್ಕೆ ಬದಲಾಯಿಸುತ್ತಾರೆ, ಕೈಯಲ್ಲಿ ಹಿಡಿದು ಭಾರ ತೂಗುತ್ತಾರೆ. ಸುತ್ತಲಿನವರ ಕಣ್ಣು ಹೋಗುವುದು ಆ ಚಲನೆಗೆ. ಮೈಗೆ ಒಗ್ಗಿದ ಸ್ಟ್ರ್ಯಾಪ್ ಹಾಕಿಕೊಂಡವರು ಕ್ಯಾಮೆರಾ ಮುಟ್ಟುವುದು ಫೋಟೋ ತೆಗೆಯುವಾಗ ಮಾತ್ರ. ಹಾಗಾಗಿ ಮೊದಲು ಆರಾಮ ನೋಡಿ. ಕಣ್ಣಿಗೆ ಬೀಳದಿರುವ ಕೆಲಸ ಅರ್ಧ ಅಲ್ಲೇ ಆಗಿಹೋಗುತ್ತದೆ.

ಹಂತ 1: ತೂಕ ನೋಡಿ

ಅಡುಗೆಮನೆಯ ತಕ್ಕಡಿ ತೆಗೆದುಕೊಳ್ಳಿ. ಬ್ಯಾಟರಿ, ಕಾರ್ಡ್, ನೀವು ಜಾಸ್ತಿ ಬಳಸುವ ಲೆನ್ಸ್, ಅದರ ಮುಂದಿನ ಹುಡ್ ಎಲ್ಲ ಹಾಕಿ ಕ್ಯಾಮೆರಾವನ್ನು ಅದರ ಮೇಲಿಡಿ. ಸ್ಟ್ರ್ಯಾಪ್ ಆರಿಸಲು ಬೇಕಾದ ಮೊದಲ ಸಂಖ್ಯೆ ಇದು.

ಅಂದಾಜಿಗೆ ಕೆಲವು ಹೇಳುತ್ತೇನೆ. ಕ್ಯಾನನ್ ಆರ್50 ಜೊತೆಗೆ 18-45 ಕಿಟ್ ಲೆನ್ಸ್ ಸೇರಿದರೆ ಸುಮಾರು ಅರ್ಧ ಕೆಜಿ. ಫ್ಯೂಜಿಫಿಲ್ಮ್ ಎಕ್ಸ್100-6 ಕೂಡ ಹೆಚ್ಚುಕಡಿಮೆ ಅಷ್ಟೇ, 521 ಗ್ರಾಂ. ಸೋನಿ ಎ7-4 ಬಾಡಿ, ಅಂದರೆ ಲೆನ್ಸ್ ಇಲ್ಲದ ಕ್ಯಾಮೆರಾ, 658 ಗ್ರಾಂ, ಅದಕ್ಕೆ ಎರಡನೇ ತಲೆಮಾರಿನ 24-70 ಎಫ್2.8 ಜಿಎಂ ಲೆನ್ಸ್ 695 ಗ್ರಾಂ, ಒಟ್ಟು 1.35 ಕೆಜಿ. ನಿಕಾನ್ ಡಿ850 ಬಾಡಿಯೊಂದೇ ಒಂದು ಕೆಜಿ. ಹಕ್ಕಿ ಫೋಟೋಗೆ ಅಂತ ಅದಕ್ಕೆ 200-500 ಲೆನ್ಸ್ ಹಾಕಿದರೆ 3.3 ಕೆಜಿ ಆಗುತ್ತದೆ.

700 ಗ್ರಾಂ ಒಳಗಿದ್ದರೆ ನಿಮಗೆ ಹೆಚ್ಚು ತಲೆನೋವಿಲ್ಲ, ಸಣ್ಣ ಪಟ್ಟಿ ಸಾಕು, ಮಣಿಕಟ್ಟಿನ ಸ್ಟ್ರ್ಯಾಪೂ ನಡೆಯುತ್ತದೆ. ಒಂದೂವರೆ ಕೆಜಿವರೆಗೆ ಎದೆಗೆ ಅಡ್ಡಲಾಗಿ ಹಾಕುವ ಸ್ಲಿಂಗ್ ಬೇಕು. ಅದಕ್ಕಿಂತ ಭಾರವಾದದ್ದನ್ನು ಕುತ್ತಿಗೆಗೆ ಹಾಕುವ ಯೋಚನೆಯನ್ನೇ ಬಿಡಿ. ತಲೆಯ ಭಾರ ಹೊರುವುದೇ ಕುತ್ತಿಗೆಗೆ ಸಾಕಷ್ಟು ಕೆಲಸ. ಅದರ ಮೇಲೆ ಎರಡು ಕೆಜಿ ಮುಂದಕ್ಕೆ ಎಳೆಯುತ್ತಿದ್ದರೆ ಬೆನ್ನಿನ ಮೇಲ್ಭಾಗ ಮೊದಲು ಹಿಡಿದುಕೊಳ್ಳುತ್ತದೆ, ಆಮೇಲೆ ತಲೆನೋವು. ಮದುವೆ ಶೂಟ್ ಮಾಡುವ ಅಣ್ಣಂದಿರನ್ನು ಕೇಳಿ ನೋಡಿ. ಧಾರೆ ಮುಗಿಯುವ ಹೊತ್ತಿಗೆ ಕುತ್ತಿಗೆ ತಿರುಗಿಸಲಾಗದ ಸ್ಥಿತಿ ಅವರಲ್ಲಿ ಎಷ್ಟೋ ಜನರಿಗೆ ಗೊತ್ತು.

ಹಂತ 2: ಯಾವ ಬಗೆಯದ್ದು ಬೇಕು

ಕುತ್ತಿಗೆಗೆ ಹಾಕುವುದು ಹಳೇ ಬಗೆ. ಎದೆಯ ಮೇಲೆ ಕ್ಯಾಮೆರಾ ಕುಣಿಯುತ್ತಿರುತ್ತದೆ, ಬಗ್ಗಿದರೆ ಮುಂದಕ್ಕೆ ತೂಗಿ ಕಲ್ಲಿಗೋ ಮೇಜಿಗೋ ಬಡಿಯುತ್ತದೆ. ಎಲ್ಲರಿಗೂ ಎದ್ದು ಕಾಣುವುದೂ ಇದೇ. ಚಿಕ್ಕ ಕ್ಯಾಮೆರಾಗೆ, ಸ್ವಲ್ಪ ಹೊತ್ತಿಗೆ ಪರವಾಗಿಲ್ಲ.

ಒಂದೇ ಭುಜಕ್ಕೆ ನೇತುಹಾಕುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಜಾರುತ್ತದೆ. ಬೈಕಿನಲ್ಲಿ ಬಂದು ಕಿತ್ತುಕೊಂಡು ಹೋಗುವವರಿಗೂ ಇದು ಸುಲಭ.

ಸ್ಲಿಂಗ್, ಅಂದರೆ ಒಂದು ಭುಜದ ಮೇಲಿಂದ ಎದೆಗೆ ಅಡ್ಡಲಾಗಿ ಬಂದು ಇನ್ನೊಂದು ಬದಿಯ ಸೊಂಟದ ಹತ್ತಿರ ಕ್ಯಾಮೆರಾ ಕೂರುವ ಬಗೆ, ಹತ್ತರಲ್ಲಿ ಎಂಟು ಜನಕ್ಕೆ ಇದೇ ಸರಿ. ಭಾರ ಭುಜ ಮತ್ತು ಬೆನ್ನಿಗೆ ಹಂಚಿಹೋಗುತ್ತದೆ. ತೋಳು ಕ್ಯಾಮೆರಾ ಮೇಲೆ ಸಹಜವಾಗಿ ಮುಚ್ಚಿಕೊಳ್ಳುತ್ತದೆ. ಮೇಲೆ ಒಂದು ಸಡಿಲ ಅಂಗಿಯನ್ನು ಗುಂಡಿ ಹಾಕದೆ ತೊಟ್ಟರೆ ಕ್ಯಾಮೆರಾ ಇದೆ ಅಂತ ಎದುರಿನಿಂದ ಬರುವವರಿಗೆ ತಿಳಿಯುವುದೂ ಇಲ್ಲ.

ಉದ್ದ ಹೊಂದಿಸುವುದು ಹೀಗೆ. ಸ್ಲಿಂಗ್ ಹಾಕಿಕೊಂಡು ನೇರ ನಿಂತು ಕೈ ಸಡಿಲ ಬಿಡಿ. ಕ್ಯಾಮೆರಾದ ಹಿಡಿ ಸೊಂಟದ ಮೂಳೆಗಿಂತ ಸ್ವಲ್ಪ ಮೇಲೆ, ಮೊಣಕೈ ಸ್ವಲ್ಪ ಮಡಚಿದರೆ ಅಂಗೈಗೆ ಸಿಗುವ ಎತ್ತರದಲ್ಲಿ ಇರಬೇಕು. ಅದಕ್ಕಿಂತ ಕೆಳಗಿದ್ದರೆ ನಡೆಯುವಾಗ ತೊಡೆಗೆ ಬಡಿಯುತ್ತದೆ, ಮೆಟ್ಟಿಲು ಹತ್ತುವಾಗ ಲೆನ್ಸ್ ಕಲ್ಲಿಗೆ ತಾಗುತ್ತದೆ. ಈಗ ಕ್ಯಾಮೆರಾ ಕಣ್ಣಿಗೆ ಎತ್ತಿ. ಸ್ಟ್ರ್ಯಾಪ್ ಗಂಟಲಿಗೆ ಅಡ್ಡ ಬಂದು ಎಳೆಯುತ್ತಿದೆಯಾ? ಹಾಗಾದರೆ ಗಿಡ್ಡವಾಗಿದೆ. ಈ ಎರಡರ ನಡುವೆ ಹೊಂದಾಣಿಕೆ ಸಿಗದಿದ್ದರೆ ಒಂದೇ ಕೈಯಲ್ಲಿ ಎಳೆದು ಉದ್ದ-ಗಿಡ್ಡ ಮಾಡುವ ಬಕಲ್ ಇರುವುದನ್ನು ಕೊಳ್ಳಿ. ಪೀಕ್ ಡಿಸೈನ್ ಕಂಪನಿಯ ಸ್ಲೈಡ್, ಸ್ಲೈಡ್ ಲೈಟ್ ಎರಡರಲ್ಲೂ ಇದಿದೆ, ಈಗ ಬೇರೆಯವರೂ ಮಾಡುತ್ತಾರೆ. ನಡೆಯುವಾಗ ಗಿಡ್ಡ ಮಾಡಿ ಮೈಗೆ ಒತ್ತಿಕೊಳ್ಳಬಹುದು, ತೆಗೆಯುವಾಗ ಸಡಿಲ ಬಿಡಬಹುದು. ಜನಜಂಗುಳಿಯಲ್ಲಿ ಇದರಷ್ಟು ಉಪಯೋಗದ ವಸ್ತು ಇನ್ನೊಂದಿಲ್ಲ ಅಂತ ನನಗನ್ನಿಸುತ್ತದೆ.

ಇನ್ನೊಂದು ಬಗೆ ಬ್ಲ್ಯಾಕ್‌ರ‍್ಯಾಪಿಡ್ ಕಂಪನಿಯಿಂದ ಹೆಸರಾದದ್ದು. ಕ್ಯಾಮೆರಾ ಅಡಿಯ ಟ್ರೈಪಾಡ್ ತೂತಿಗೆ, ಅಂದರೆ ಆ ಕಾಲು ಇಂಚಿನ ಸ್ಕ್ರೂ ತೂತಿಗೆ, ಒಂದು ಕೊಂಡಿ ತಿರುಗಿಸಿ ಹಾಕುತ್ತಾರೆ. ಕ್ಯಾಮೆರಾ ತಲೆಕೆಳಗಾಗಿ ಸೊಂಟದಲ್ಲಿ ತೂಗುತ್ತದೆ, ಎತ್ತಿದಾಗ ಕೊಂಡಿ ಮಾತ್ರ ಪಟ್ಟಿಯ ಮೇಲೆ ಜಾರುತ್ತದೆ, ಪಟ್ಟಿ ಭುಜದಲ್ಲೇ ಇರುತ್ತದೆ. ಭಾರದ ಕ್ಯಾಮೆರಾಗೆ ಬಹಳ ಆರಾಮ. ಆದರೆ ಸ್ಕ್ರೂ ಸಡಿಲವಾಗುವ ಅಪಾಯ ಇದ್ದೇ ಇದೆ. ಅದನ್ನು ಮುಂದೆ ಹೇಳುತ್ತೇನೆ.

ಎರಡು ಬಾಡಿ ಇಟ್ಟುಕೊಂಡು ದಿನವಿಡೀ ಓಡಾಡುವವರಿಗೆ ಎರಡೂ ಭುಜಕ್ಕೆ ಬರುವ ಹಾರ್ನೆಸ್ ಒಳ್ಳೆಯದು. ಆದರೆ ಗುಟ್ಟಾಗಿರುವ ಮಾತೇ ಇಲ್ಲ, ಹಾಕಿಕೊಂಡರೆ ಇಡೀ ಛತ್ರಕ್ಕೇ ನೀವು ಫೋಟೋಗ್ರಾಫರ್ ಅಂತ ಗೊತ್ತಾಗುತ್ತದೆ. ಮದುವೆಯಲ್ಲಿ ಅದು ಬೇಕು ಕೂಡ, ದಾರಿ ಬಿಡುತ್ತಾರೆ. ಬೀದಿಗೆ ಬೇಡ.

ಮಣಿಕಟ್ಟಿನ ಸ್ಟ್ರ್ಯಾಪ್ ಬೀದಿ ಫೋಟೋಗ್ರಫಿಗೆ ನನ್ನ ಇಷ್ಟದ್ದು. ಕೈ ಕೆಳಗೆ ಬಿಟ್ಟರೆ ಕ್ಯಾಮೆರಾ ತೊಡೆಯ ಪಕ್ಕ ಮರೆಯಾಗುತ್ತದೆ. ಎಳೆದಾಗ ತಾನೇ ಬಿಗಿಯಾಗುವ ಕುಣಿಕೆ ಇರುವುದನ್ನೇ ನೋಡಿ, ಸಡಿಲ ಬಳೆಯ ಹಾಗಿರುವುದು ಕೈ ಜಾರಿದರೆ ಉಳಿಸುವುದಿಲ್ಲ. ಒಂದು ತೊಂದರೆ ಇದೆ: ಆ ಕೈಯಿಂದ ಬಸ್ಸಿನ ಕಂಬಿ ಹಿಡಿಯಲಾಗುವುದಿಲ್ಲ, ಚಿಲ್ಲರೆ ಎಣಿಸಲಾಗುವುದಿಲ್ಲ.

ಹಂತ 3: ಬಟ್ಟೆ, ಅಗಲ

ಸಣ್ಣ ಕ್ಯಾಮೆರಾಗೆ ಎರಡೂವರೆ ಸೆಂಟಿಮೀಟರ್ ಅಗಲ ಸಾಕು. ಒಂದು ಕೆಜಿ ದಾಟಿದರೆ ನಾಲ್ಕು ಸೆಂಟಿಮೀಟರ್ ಆಸುಪಾಸು ಬೇಕು. ಅದಕ್ಕಿಂತ ಅಗಲವಾದರೆ ಕುತ್ತಿಗೆಯ ತಿರುವಿನಲ್ಲಿ ಅಂಚು ಎದ್ದು ನಿಂತು ಕೊರೆಯುತ್ತದೆ, ಅಗಲ ಜಾಸ್ತಿ ಇದ್ದಷ್ಟೂ ಆರಾಮ ಅನ್ನುವುದು ತಪ್ಪು ಲೆಕ್ಕ.

ಕಾರಿನ ಸೀಟ್ ಬೆಲ್ಟಿನಂಥ ನುಣುಪಾದ ನೈಲಾನ್ ಪಟ್ಟಿ ಸ್ಲಿಂಗಿಗೆ ಬಹಳ ಚೆನ್ನ. ಅಂಗಿಯ ಮೇಲೆ ಸಲೀಸಾಗಿ ಜಾರುತ್ತದೆ, ಕ್ಯಾಮೆರಾ ಎತ್ತುವಾಗ ಅಂಗಿ ಜೊತೆಗೆ ಮೇಲೆ ಬರುವುದಿಲ್ಲ. ನಿಯೋಪ್ರೀನ್, ಅಂದರೆ ರಬ್ಬರಿನಂತೆ ಹಿಗ್ಗುವ ಸ್ಪಂಜು, ಭಾರ ಕಡಿಮೆ ಇದೆ ಅನ್ನಿಸುವಂತೆ ಮಾಡುತ್ತದೆ. ಆದರೆ ನಡೆದಾಗೆಲ್ಲ ಕ್ಯಾಮೆರಾ ಮೇಲೆಕೆಳಗೆ ಕುಣಿಯುತ್ತದೆ, ಮಂಗಳೂರು-ಉಡುಪಿ ಕಡೆಯ ಸೆಕೆಯಲ್ಲಿ ಕುತ್ತಿಗೆಯೆಲ್ಲ ಬೆವರು. ಹತ್ತಿ ಪಟ್ಟಿ ಮೈಗೆ ಹಿತ, ಬೆವರು ಹೀರುತ್ತದೆ, ಆಗಾಗ ಸೋಪಿನ ನೀರಲ್ಲಿ ಒಗೆಯಬೇಕು.

ಚರ್ಮದ್ದು ನೋಡಲು ಚಂದ, ಹಳೆಯದಾದಷ್ಟೂ ಮೆತ್ತಗಾಗುತ್ತದೆ. ಆದರೆ ತೀರ್ಥಹಳ್ಳಿ, ಆಗುಂಬೆ, ಮಡಿಕೇರಿ ಕಡೆಯವರಾದರೆ ಯೋಚಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಚರ್ಮದ ಚಪ್ಪಲಿ, ಬೆಲ್ಟು, ಪರ್ಸು ಯಾವುದಕ್ಕೂ ಬೂಸ್ಟು ಬಿಟ್ಟಿದ್ದಲ್ಲ, ಸ್ಟ್ರ್ಯಾಪಿಗೂ ಬರುತ್ತದೆ. ಒದ್ದೆಯಾದರೆ ಬಿಳಿ ಅಂಗಿಗೆ ಬಣ್ಣ ಬಿಡುತ್ತದೆ ಬೇರೆ.

ಹಂತ 4: ಜೋಡಣೆ

ಈ ಭಾಗವನ್ನು ನಿಧಾನವಾಗಿ ಓದಿ. ಕ್ಯಾಮೆರಾ ಬಿದ್ದ ಕಥೆಗಳನ್ನು ಕೇಳುತ್ತಾ ಹೋದರೆ ಪಟ್ಟಿ ನಡುವೆ ಹರಿದದ್ದು ತೀರಾ ಅಪರೂಪ. ಕೈಕೊಡುವುದು ಪಟ್ಟಿ ಮತ್ತು ಕ್ಯಾಮೆರಾ ಸೇರುವ ಜಾಗ.

ಮೊದಲು ನಿಮ್ಮ ಕ್ಯಾಮೆರಾದ ಬದಿಗಳನ್ನು ನೋಡಿ. ಕೆಲವದರಲ್ಲಿ ಪಟ್ಟಿಯನ್ನೇ ನೇರ ತೂರಿಸುವ ಉದ್ದನೆಯ ಸೀಳು ಇರುತ್ತದೆ, ಕ್ಯಾನನ್ ಕ್ಯಾಮೆರಾಗಳಲ್ಲಿ ಇದು ಸಾಮಾನ್ಯ. ಇನ್ನು ಕೆಲವದರಲ್ಲಿ ಸಣ್ಣ ದುಂಡು ತೂತಿರುವ ಲೋಹದ ಕಿವಿ, ಅದಕ್ಕೆ ತ್ರಿಕೋನದ ಉಂಗುರ. ಫ್ಯೂಜಿ, ಸೋನಿಯಲ್ಲಿ ಹೀಗೆ.

ಸೀಳು ಇರುವುದಕ್ಕೆ ಪಟ್ಟಿ ಹಾಕುವ ಕ್ರಮ ಹೀಗಿದೆ. ಪಟ್ಟಿಯ ತುದಿಯನ್ನು ಮೊದಲು ಸಣ್ಣ ಪ್ಲಾಸ್ಟಿಕ್ ಕುಣಿಕೆಯೊಳಗೆ ತೂರಿಸಿ, ಆಮೇಲೆ ಕ್ಯಾಮೆರಾದ ಸೀಳಿನೊಳಗೆ ಹೊರಗಿನಿಂದ ಎಳೆದುಕೊಳ್ಳಿ. ತುದಿಯನ್ನು ವಾಪಸ್ ಅದೇ ಕುಣಿಕೆಯೊಳಗೆ ತನ್ನಿ. ಈಗ ಮೂರು ಅಡ್ಡಪಟ್ಟಿಯ ಬಕಲ್ ಹಿಡಿಯಿರಿ. ಅದರೊಳಗೆ ಮುಖ್ಯ ಪಟ್ಟಿ ಆಗಲೇ ನಡುವಿನ ಅಡ್ಡಪಟ್ಟಿಯನ್ನು ಸುತ್ತಿ ಹೋಗಿರುತ್ತದೆ. ಅದನ್ನು ಸ್ವಲ್ಪ ಸಡಿಲ ಮಾಡಿ, ತುದಿಯನ್ನು ಅದರ ಒಳಭಾಗದಿಂದ, ಅಂದರೆ ಬಕಲ್ ಮತ್ತು ಮುಖ್ಯ ಪಟ್ಟಿಯ ನಡುವೆ, ಅದೇ ನಡುವಿನ ಅಡ್ಡಪಟ್ಟಿಯ ಮೇಲೆ ಹಾಯಿಸಿ ಎಳೆಯಿರಿ. ತುದಿ ಒಳಗೇ ಉಳಿಯುತ್ತದೆ, ಹೊರಗೆ ಬಾಲದಂತೆ ನೇತಾಡುವುದಿಲ್ಲ. ಕನಿಷ್ಠ ಐದು ಸೆಂಟಿಮೀಟರ್ ತುದಿ ಬಕಲಿನಾಚೆ ಇರಲಿ. ಬಿಗಿಯಾಗಿ ಎಳೆದ ಮೇಲೆ ಭಾರ ಬಿದ್ದಷ್ಟೂ ಪಟ್ಟಿ ತನ್ನ ತುದಿಯನ್ನು ತಾನೇ ಅದುಮಿಕೊಳ್ಳುತ್ತದೆ. ತುದಿಯನ್ನು ಹೊರಗಿನಿಂದ ಹಾಯಿಸಿದ ಸ್ಟ್ರ್ಯಾಪುಗಳು ದಿನ ಕಳೆದಂತೆ ಮಿಲಿಮೀಟರ್ ಮಿಲಿಮೀಟರ್ ಜಾರುತ್ತವೆ, ಗೊತ್ತೇ ಆಗುವುದಿಲ್ಲ.

ತ್ರಿಕೋನದ ಉಂಗುರ ಇದ್ದರೆ ಅದರ ಹಿಂದೆ ಪ್ಲಾಸ್ಟಿಕ್ ಅಥವಾ ಚರ್ಮದ ಸಣ್ಣ ತೊಗಟೆ ಇದೆಯಾ ನೋಡಿ. ಅದು ಕ್ಯಾಮೆರಾಗೆ ಗೀರು ಬೀಳದಂತೆ ತಡೆಯುತ್ತದೆ. ಉಂಗುರದ ಎರಡು ತುದಿ ಸೇರುವ ಜಾಗ ಬಾಯಿ ಬಿಟ್ಟಿದ್ದರೆ ಬದಲಾಯಿಸಿ. ಹತ್ತಿಪ್ಪತ್ತು ರೂಪಾಯಿಯ ವಸ್ತು.

ಪೀಕ್ ಡಿಸೈನಿನ ಆಂಕರ್, ಅಂದರೆ ಗಟ್ಟಿ ದಾರದ ಕುಣಿಕೆಗೆ ಗುಂಡನೆಯ ಬಿಲ್ಲೆ ಇರುವ ವ್ಯವಸ್ಥೆ, ತುಂಬ ಅನುಕೂಲ. ಒಂದೇ ಕ್ಯಾಮೆರಾಗೆ ಬೆಳಗ್ಗೆ ಮಣಿಕಟ್ಟಿನದು, ಮಧ್ಯಾಹ್ನ ಸ್ಲಿಂಗ್ ಅಂತ ಬದಲಾಯಿಸಬಹುದು. ಕಂಪನಿ ಅದಕ್ಕೆ 90 ಕೆಜಿ ತಾಳುವ ಶಕ್ತಿ ಹೇಳುತ್ತದೆ. ಆದರೂ ದಾರ ಸವೆಯುವ ವಸ್ತುವೇ. ಹೊರಗಿನ ಕಪ್ಪು ಸವೆದು ಒಳಗಿನ ಬೇರೆ ಬಣ್ಣ ಇಣುಕಿದರೆ ಅವತ್ತೇ ಬಿಸಾಕಿ. ದಾರ ಹಾದುಹೋಗುವ ಲೋಹದ ಅಂಚು ಚೂಪಾಗಿದೆಯಾ ಅಂತ ಉಗುರಿನಿಂದ ಸವರಿ ನೋಡಿ. ಚೂಪಿದ್ದರೆ ದಾರದ ಬದಲು ಉಂಗುರ ಹಾಕಿ, ಉಂಗುರಕ್ಕೆ ದಾರ ಹಾಕಿ. ಬಿಲ್ಲೆ ಕೂತಿತು ಅನ್ನುವ 'ಟಕ್' ಸದ್ದು ಕೇಳಬೇಕು, ಕೇಳಿದ ಮೇಲೂ ಒಮ್ಮೆ ಎಳೆದು ನೋಡಬೇಕು.

ಟ್ರೈಪಾಡ್ ತೂತಿಗೆ ಹಾಕುವ ಬಗೆಯಲ್ಲಿ ಶತ್ರು ಅಂದರೆ ಅದುರುವಿಕೆ. ಕಬಿನಿ, ಬಂಡೀಪುರದ ಸಫಾರಿ ಜೀಪಿನಲ್ಲಿ ಮೂರು ಗಂಟೆ ಕೂತರೆ ಯಾವ ಸ್ಕ್ರೂ ಆದರೂ ಸಡಿಲವಾಗುತ್ತದೆ. ರಬ್ಬರ್ ವಾಷರ್ ಇರಲೇಬೇಕು. ಜೊತೆಗೆ ಕ್ಯಾಮೆರಾದ ಬದಿಯ ಕಿವಿಗೂ ಸ್ಟ್ರ್ಯಾಪಿಗೂ ನಡುವೆ ಒಂದು ಸಣ್ಣ ಸುರಕ್ಷತಾ ದಾರ ಕಟ್ಟಿ. ಸ್ಕ್ರೂ ಬಿಚ್ಚಿಕೊಂಡರೂ ಕ್ಯಾಮೆರಾ ದಾರದಲ್ಲಿ ನಿಲ್ಲುತ್ತದೆ. ದೂರದ್ದನ್ನು ಹತ್ತಿರ ತೋರಿಸುವ ದೊಡ್ಡ ಟೆಲಿ ಲೆನ್ಸ್ ಇದ್ದರೆ ಕೊಂಡಿಯನ್ನು ಕ್ಯಾಮೆರಾದ ಅಡಿಗೆ ಹಾಕಬೇಡಿ, ಲೆನ್ಸನ್ನು ಸುತ್ತಿರುವ ಬಳೆಯ, ಅಂದರೆ ಕಾಲರಿನ, ಪಾದಕ್ಕೆ ಹಾಕಿ. ಎರಡು ಕೆಜಿ ಲೆನ್ಸ್ ಬಾಡಿಯಿಂದ ನೇತಾಡಿದರೆ ಭಾರವೆಲ್ಲ ಮೌಂಟಿನ ಮೇಲೆ, ಅಂದರೆ ಲೆನ್ಸ್ ಬಾಡಿಗೆ ಸೇರುವ ಜಾಗದ ಮೇಲೆ, ಬೀಳುತ್ತದೆ.

ಎಲ್ಲ ಹಾಕಿದ ಮೇಲೆ ಮಂಚದ ಮೇಲೆ, ಹಾಸಿಗೆಗಿಂತ ಒಂದು ಗೇಣು ಎತ್ತರದಲ್ಲಿ ಕ್ಯಾಮೆರಾ ಹಿಡಿದು ಸ್ಟ್ರ್ಯಾಪನ್ನು ಜೋರಾಗಿ ನಾಲ್ಕು ಸಲ ಜಗ್ಗಿ. ಬಕಲ್ ಹತ್ತಿರ ಪೆನ್ಸಿಲಿನಿಂದ ಒಂದು ಗೆರೆ ಎಳೆದಿಡಿ. ಒಂದು ವಾರ ಬಿಟ್ಟು ನೋಡಿದಾಗ ಗೆರೆ ಸರಿದಿದ್ದರೆ ಪಟ್ಟಿ ಜಾರುತ್ತಿದೆ ಅಂತಲೇ ಅರ್ಥ.

ಬೆಲೆ ಜಾಸ್ತಿ ಅನ್ನಿಸುವವರು ಬ್ಯಾಗ್ ರಿಪೇರಿ ಅಂಗಡಿಯಲ್ಲೂ ಸ್ಟ್ರ್ಯಾಪ್ ಹೊಲಿಸಿಕೊಳ್ಳಬಹುದು. ನೈಲಾನ್ ಪಟ್ಟಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಹತ್ತಿ ದಾರ ಬೇಡ, ನೈಲಾನ್ ಅಥವಾ ಪಾಲಿಯೆಸ್ಟರ್ ದಾರವೇ ಬೇಕು ಅಂತ ಹೇಳಿ. ಮಡಚಿದ ಜಾಗದಲ್ಲಿ ಚೌಕ ಹೊಲಿದು ಅದರೊಳಗೆ ಮೂಲೆಯಿಂದ ಮೂಲೆಗೆ ಕತ್ತರಿ ಗುರುತು ಹೊಲಿಸಿ. ಶಾಲಾ ಬ್ಯಾಗಿನ ಪಟ್ಟಿಯಲ್ಲಿ ನೋಡಿರುತ್ತೀರಿ. ಕತ್ತರಿಸಿದ ತುದಿಗೆ ಲೈಟರ್ ತೋರಿಸಿ ಕರಗಿಸಿಬಿಟ್ಟರೆ ಎಳೆ ಬಿಡುವುದಿಲ್ಲ. ಒಂದು ಕೆಜಿ ಒಳಗಿನ ಕ್ಯಾಮೆರಾಗೆ ಇದು ಧಾರಾಳ ಸಾಕು. ಅದಕ್ಕಿಂತ ಭಾರಕ್ಕೆ ಪರೀಕ್ಷೆ ಮಾಡಿದ ಕಂಪನಿ ಮಾಲೇ ಇರಲಿ.

ಹಂತ 5: ಕಣ್ಣಿಗೆ ಬೀಳದಂತೆ

ಬಣ್ಣ ಕಪ್ಪು, ಬೂದು ಅಥವಾ ಕಡುನೀಲಿ ಇರಲಿ. ಬ್ರ್ಯಾಂಡ್ ಹೆಸರು ಕಾಣದಂತೆ ಪಟ್ಟಿಯನ್ನು ಮಗ್ಗುಲು ಬದಲಾಯಿಸಿ ಹಾಕಿ. ಬಾಡಿಯ ಮೇಲಿನ ಹೆಸರಿಗೆ ಟೇಪ್ ಅಂಟಿಸುವುದಾದರೆ ವೈರಿಂಗಿನ ಕಪ್ಪು ಟೇಪ್ ಬೇಡ, ಬಿಸಿಲಿಗೆ ಗೋಂದು ಕರಗಿ ಅಂಟಂಟಾಗುತ್ತದೆ. ಸಿನಿಮಾ ಸೆಟ್ಟಿನಲ್ಲಿ ಬಳಸುವ ಬಟ್ಟೆಯ ಗ್ಯಾಫರ್ ಟೇಪ್ ತೆಗೆದರೆ ಸಾಮಾನ್ಯವಾಗಿ ಗುರುತು ಉಳಿಯುವುದಿಲ್ಲ.

ಆದರೆ ಟೇಪಿಗಿಂತ ದೊಡ್ಡದು ನಡವಳಿಕೆ. ಸ್ಲಿಂಗಿನಲ್ಲಿ ಕ್ಯಾಮೆರಾ ತೂಗುವಾಗ ಲೆನ್ಸ್ ಕೆಳಕ್ಕೆ ಅಥವಾ ಹಿಂದಕ್ಕೆ ಮುಖ ಮಾಡಿರಲಿ. ದೊಡ್ಡ ಜೂಮ್ ಬದಲು 35 ಅಥವಾ 50 ಎಂಎಂನ ಸಣ್ಣ ಲೆನ್ಸ್ ಹಾಕಿ. ಎತ್ತಿ, ತೆಗೆದು, ಇಳಿಸಿ. ಪ್ರತಿ ಫೋಟೋ ಆದ ಮೇಲೂ ಪರದೆ ನೋಡುತ್ತಾ ನಿಲ್ಲುವುದು ಬೇಡ. ಆ ಹೊತ್ತಿನಲ್ಲಿ ನಿಮ್ಮ ಗಮನ ಪೂರ್ತಿ ಪರದೆಯಲ್ಲಿರುತ್ತದೆ, ಜೇಬು, ಬ್ಯಾಗು ಎಲ್ಲ ಮರೆತಿರುತ್ತೀರಿ.

ಒಂದು ಮಾತು ಖಂಡಿತ ಹೇಳಬೇಕು. ಕಣ್ಣಿಗೆ ಬೀಳದಿರುವುದು ಅಂದರೆ ಕದ್ದು ತೆಗೆಯುವುದಲ್ಲ. ಬೆಂಗಳೂರಿನ ಕೆ.ಆರ್. ಮಾರ್ಕೆಟ್ಟಿಗೆ ನಸುಕಿನಲ್ಲಿ ಹೋಗುವ ಫೋಟೋಗ್ರಾಫರುಗಳು ತುಂಬಾ ಜನ. ಅಲ್ಲಿ ಚೆಂಡುಹೂವಿನ ರಾಶಿಯ ಹಿಂದೆ ಕೂತವರಿಗೆ ಅದು ವ್ಯಾಪಾರದ ಹೊತ್ತು. 'ಅಕ್ಕ, ಒಂದು ಫೋಟೋ ತೆಗೀಲಾ?' ಅಂತ ಕೇಳಿದರೆ ಹೆಚ್ಚಿನವರು ನಗುತ್ತಾರೆ, ಕೆಲವರು ಬೇಡ ಅನ್ನುತ್ತಾರೆ, ಬೇಡ ಅಂದರೆ ಬೇಡ. ಎದೆಯ ಮೇಲೆ ಭಾರೀ ಕ್ಯಾಮೆರಾ ಜೋತುಬಿಟ್ಟು ಹೋದವರಿಗಿಂತ ಕಂಕುಳ ಕೆಳಗೆ ಸಣ್ಣದೊಂದು ಇಟ್ಟುಕೊಂಡವರ ಜೊತೆ ಅವರು ಸುಲಭವಾಗಿ ಮಾತಾಡುತ್ತಾರೆ. ನನಗೆ ಸಣ್ಣ ಸ್ಟ್ರ್ಯಾಪಿನ ದೊಡ್ಡ ಲಾಭ ಇದೇ.

ಹಂತ 6: ಬ್ಯಾಗು

ಕ್ಯಾಮೆರಾ ಬ್ಯಾಗ್ ಕ್ಯಾಮೆರಾ ಬ್ಯಾಗಿನ ಹಾಗೆ ಕಾಣಬಾರದು. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಪತ್ರಿಕಾ ಛಾಯಾಗ್ರಾಹಕ ಜಿಮ್ ಡೊಮ್ಕಿ ತನಗಾಗಿ ಮಾಡಿಕೊಂಡ ಬಟ್ಟೆಯ ಬ್ಯಾಗ್ ಇವತ್ತಿಗೂ ಮಾರಾಟವಾಗುತ್ತಿದೆ. ಗಟ್ಟಿ ಪೆಟ್ಟಿಗೆಗಳ ಬದಲು ಮೈಗೆ ಒಗ್ಗುವ ಮೆತ್ತನೆಯ ಕ್ಯಾನ್ವಾಸ್ ಚೀಲ ಅದು. ಅದೇ ರೀತಿ ನೀವೂ ಒಂದು ಸಾದಾ ಬ್ಯಾಗಿನೊಳಗೆ ಸ್ಪಂಜಿನ ಖಾನೆಗಳಿರುವ ಒಳಚೀಲ ಇಟ್ಟುಕೊಳ್ಳಬಹುದು. ಇದು ಬಿಡಿಯಾಗಿ ಸಿಗುತ್ತದೆ. ಹೊರಗೆ ಕಾಲೇಜು ಹುಡುಗರ ಬ್ಯಾಗ್ ಇರಲಿ, ಸೆಣಬಿನ ಚೀಲ ಇರಲಿ, ಒಳಗೆ ಏನಿದೆ ಅಂತ ಯಾರಿಗೂ ಗೊತ್ತಾಗದು.

ಮೂರು ಕೆಜಿ ದಾಟಿದರೆ ಒಂದೇ ಭುಜದ ಬ್ಯಾಗ್ ಬಿಟ್ಟು ಬೆನ್ನಿನ ಬ್ಯಾಗಿಗೆ ಬನ್ನಿ. ಭಾರದ ವಸ್ತು ಬೆನ್ನಿಗೆ ಅಂಟಿಕೊಂಡಿರಬೇಕು, ಹಗುರದ್ದು ಹೊರಗಡೆ. ಪಟ್ಟಿಗಳನ್ನು ಬಿಗಿ ಮಾಡಿ, ಬ್ಯಾಗಿನ ತಳ ಸೊಂಟಕ್ಕಿಂತ ಕೆಳಗೆ ಜೋಲಬಾರದು. ಬೆನ್ನಿಗೆ ತಾಗುವ ಕಡೆಯಿಂದಲೇ ಜಿಪ್ ತೆರೆಯುವ ಬ್ಯಾಗುಗಳಿವೆ. ಹಿಂದೆ ನಿಂತವರು ತೆರೆಯಲು ಆಗುವುದಿಲ್ಲ, ಜಾತ್ರೆಗೆ ಅದೇ ಸರಿ. ಹೊರಗಿನ ಖಾನೆಯಲ್ಲಿ ನೀರಿನ ಬಾಟಲಿ, ಟವೆಲ್ಲು ಮಾತ್ರ ಇರಲಿ. ಮಳೆ ಹೊದಿಕೆ ಬಹುತೇಕ ಕಿತ್ತಳೆ, ಹಳದಿ ಬಣ್ಣದ್ದು ಕೊಡುತ್ತಾರೆ. ಕಪ್ಪು ಕೇಳಿ ಪಡೆಯಿರಿ.

ಹಂತ 7: ದಾರಿಯಲ್ಲಿ

ಬಿಎಂಟಿಸಿ ಬಸ್ಸು, ಬಸವನಗುಡಿಯ ಕಡಲೆಕಾಯಿ ಪರಿಷೆ, ಮೈಸೂರಿನ ಜಂಬೂಸವಾರಿ, ಇಂಥ ಕಡೆ ಬ್ಯಾಗ್ ಎದೆಯ ಮೇಲೆ. ನಾಚಿಕೆ ಬೇಡ. ಮೆಟ್ರೋದಲ್ಲಿ ಬ್ಯಾಗನ್ನು ಯಂತ್ರದೊಳಗೆ ಹಾಕಿದ ಮೇಲೆ ನೀವು ತಪಾಸಣೆ ಮುಗಿಸಿ ಆಚೆ ಹೋಗುವುದು ತಡವಾಗಬಾರದು. ಸಾಲು ಖಾಲಿಯಾಗುವವರೆಗೆ ಬ್ಯಾಗನ್ನು ಕೈಯಲ್ಲೇ ಇಟ್ಟುಕೊಂಡಿರಿ.

ಬೈಕ್ ಓಡಿಸುವಾಗ ಕ್ಯಾಮೆರಾ ಕುತ್ತಿಗೆಯಲ್ಲೂ ಬೇಡ, ಸ್ಲಿಂಗಿನಲ್ಲೂ ಬೇಡ. ಬಿದ್ದರೆ ಅದು ಪಕ್ಕೆಲುಬಿಗೆ ಚುಚ್ಚುತ್ತದೆ. ಟ್ಯಾಂಕ್ ಮೇಲಿನ ಬ್ಯಾಗ್, ಸ್ಕೂಟರಿನ ಸೀಟಿನಡಿ, ಇವೂ ಬೇಡ. ಎಂಜಿನ್ನಿನ ಅದುರುವಿಕೆ, ಬಿಸಿ ಎರಡೂ ಕೆಟ್ಟವು. ದೊಡ್ಡ ಬೈಕಿನ ಎಂಜಿನ್ ಅದುರಿಕೆ ಐಫೋನ್ ಕ್ಯಾಮೆರಾದ ಸ್ಟೆಬಿಲೈಸೇಶನ್ನಿಗೆ, ಅಂದರೆ ಚಿತ್ರ ಅಲುಗಾಡದಂತೆ ತಡೆಯುವ ವ್ಯವಸ್ಥೆಗೆ, ಹಾನಿ ಮಾಡಬಹುದು ಅಂತ 2021ರಲ್ಲಿ ಆ್ಯಪಲ್ ಕಂಪನಿಯೇ ಎಚ್ಚರಿಸಿತ್ತು. ಸ್ಟೆಬಿಲೈಸೇಶನ್ ಇರುವ ಲೆನ್ಸು, ಬಾಡಿಗೂ ಅಷ್ಟೇ ಕಾಳಜಿ ತೋರಿಸುವುದು ಒಳ್ಳೆಯದು. ಬೆನ್ನ ಮೇಲೆ ಹೊತ್ತರೆ ಮೈಯೇ ಕುಲುಕನ್ನು ತಡೆದುಕೊಳ್ಳುತ್ತದೆ.

ಸ್ಲೀಪರ್ ಬಸ್ಸಿನ ಡಿಕ್ಕಿಗೆ ಕ್ಯಾಮೆರಾ ಬ್ಯಾಗ್ ಹಾಕಲೇಬೇಡಿ. ರೈಲಿನಲ್ಲಿ ಉಳಿದ ಸಾಮಾನು ಸೀಟಿನಡಿ ಸರಪಳಿಗೆ, ಕ್ಯಾಮೆರಾ ತಲೆಯ ಹತ್ತಿರ, ಪಟ್ಟಿ ತೋಳಿಗೆ ಸುತ್ತಿ.

ವಿಮಾನದಲ್ಲಿ ಬಿಡಿ ಬ್ಯಾಟರಿಗಳು ಕಡ್ಡಾಯವಾಗಿ ಕ್ಯಾಬಿನ್ ಬ್ಯಾಗಿನಲ್ಲೇ ಇರಬೇಕು, ಚೆಕ್-ಇನ್‌ನಲ್ಲಿ ಬಿಡುವುದಿಲ್ಲ. ಮಿತಿ 100 ವ್ಯಾಟ್-ಅವರ್. ಸೋನಿಯ ಎಫ್‌ಜಡ್100 ಬ್ಯಾಟರಿ 16.4 ಮಾತ್ರ, ಹಾಗಾಗಿ ಹೆದರಿಕೆ ಇಲ್ಲ. ಪ್ರತಿ ಬ್ಯಾಟರಿಗೂ ಅದರ ಪ್ಲಾಸ್ಟಿಕ್ ಮುಚ್ಚಳ ಹಾಕಿ. ನಮ್ಮ ದೇಶದೊಳಗಿನ ಎಕಾನಮಿ ಟಿಕೆಟ್ಟಿನಲ್ಲಿ ಕ್ಯಾಬಿನ್ ಬ್ಯಾಗಿಗೆ ಸಾಮಾನ್ಯವಾಗಿ 7 ಕೆಜಿ ಮಿತಿ. ದೊಡ್ಡ ಲೆನ್ಸ್ ಇದ್ದವರಿಗೆ ಇದು ಬಿಗಿ. ಹಗುರವಾದ ಬ್ಯಾಗ್ ಆರಿಸುವುದು ಇಲ್ಲಿ ಲಾಭಕ್ಕೆ ಬರುತ್ತದೆ, ಏಕೆಂದರೆ ಖಾಲಿ ಬ್ಯಾಗೇ ಎರಡು ಕೆಜಿ ತೂಗಿದರೆ ಉಳಿಯುವುದು ಐದೇ. ವಿದೇಶಕ್ಕೆ ಹೊರಟಿದ್ದರೆ ಹೋಗುವ ಮೊದಲೇ ವಿಮಾನ ನಿಲ್ದಾಣದ ಕಸ್ಟಮ್ಸ್ ಕೌಂಟರಿನಲ್ಲಿ ಗೇರ್ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ. ವಾಪಸ್ ಬರುವಾಗ ಅಲ್ಲಿ ಕೊಂಡದ್ದು ಅಂತ ಸುಂಕ ಕೇಳುವ ಪ್ರಸಂಗ ಬರುವುದಿಲ್ಲ. ಇದಕ್ಕೆ ಸಮಯ ಹಿಡಿಯುತ್ತದೆ, ಬೇಗ ಹೋಗಿ.

ಹಂತ 8: ನೀರು, ಕೆಸರು, ಉಪ್ಪು

ಕಂಬಳದಲ್ಲಿ ಕೆನೆಹಲಗೆ ವಿಭಾಗ ಅಂತಿದೆ, ನೀರು ಎಷ್ಟು ಎತ್ತರಕ್ಕೆ ಚಿಮ್ಮುತ್ತದೆ ಅನ್ನುವುದೇ ಅಲ್ಲಿ ಸ್ಪರ್ಧೆ. ಗದ್ದೆಯ ಹತ್ತಿರ ನಿಂತವರಿಗೆ ಕೆಸರು ಖಚಿತ. ಅಂಥ ಕಡೆ ಸ್ಟ್ರ್ಯಾಪನ್ನು ಗಿಡ್ಡ ಮಾಡಿ, ಕ್ಯಾಮೆರಾಗೆ ಮಳೆಚೀಲ ಹಾಕಿ, ಲೆನ್ಸ್ ಬದಲಾಯಿಸುವ ಯೋಚನೆ ಬಿಡಿ. ಕಡಲ ತೀರದಿಂದ ಬಂದ ಮೇಲೆ ಸ್ಟ್ರ್ಯಾಪನ್ನು ಬಿಚ್ಚಿ ಸಿಹಿನೀರಿನಲ್ಲಿ ಜಾಲಿಸಿ. ಉಪ್ಪು ಒಣಗಿ ಉಳಿದರೆ ಪಟ್ಟಿ ಬಿರುಸಾಗುತ್ತದೆ, ಉಂಗುರಗಳಿಗೆ ತುಕ್ಕು ಹತ್ತುತ್ತದೆ.

ಮಳೆಗಾಲದಲ್ಲಿ ಬಹಳ ಜನ ಗಮನಿಸದ ವಿಷಯ ಒಂದಿದೆ. ಜೋಗದಿಂದಲೋ ಚಾರ್ಮಾಡಿಯಿಂದಲೋ ವಾಪಸ್ ಬಂದು ಕ್ಯಾಮೆರಾ ಚೆನ್ನಾಗಿ ಒರೆಸಿ, ಒದ್ದೆ ಸ್ಟ್ರ್ಯಾಪ್ ಸಮೇತ ತೇವ ತಡೆಯುವ ಡ್ರೈ ಕ್ಯಾಬಿನೆಟ್ಟಿಗೋ ಸಿಲಿಕಾ ಜೆಲ್ ಇರುವ ಡಬ್ಬಿಗೋ ಇಟ್ಟುಬಿಡುತ್ತಾರೆ. ಆ ಪಟ್ಟಿ ಹಿಡಿದಿಟ್ಟ ನೀರೆಲ್ಲ ಡಬ್ಬಿಯ ಗಾಳಿಗೆ ಸೇರುತ್ತದೆ. ತೇವಾಂಶ 40ರಿಂದ 50 ಶೇಕಡಾದಲ್ಲಿ ಇರಬೇಕಾದ ಜಾಗದಲ್ಲಿ ಲೆನ್ಸಿಗೆ ಫಂಗಸ್ ಬರಲು ನಾವೇ ದಾರಿ ಮಾಡಿಕೊಟ್ಟ ಹಾಗೆ. ಸ್ಟ್ರ್ಯಾಪ್ ಬಿಚ್ಚಿ ಫ್ಯಾನಿನ ಕೆಳಗೆ ನೇತುಹಾಕಿ, ಪೂರ್ತಿ ಒಣಗಿದ ಮೇಲೆ ಸೇರಿಸಿ. ಬೇಗ ಬಿಚ್ಚಿ ಹಾಕುವ ಕೊಂಡಿಯ ಸ್ಟ್ರ್ಯಾಪಿಗೆ ನಾನು ಒತ್ತು ಕೊಡುವುದಕ್ಕೆ ಇದೂ ಒಂದು ಕಾರಣ.

ಹಂತ 9: ಕಾಗದಪತ್ರ

ಬಾಡಿ, ಲೆನ್ಸ್, ಫ್ಲ್ಯಾಶ್ ಮೂರರ ಸೀರಿಯಲ್ ನಂಬರ್ ಬೇರೆ ಬೇರೆ. ಪ್ರತಿಯೊಂದರ ಫೋಟೋ ತೆಗೆದು, ಬಿಲ್ ಜೊತೆ ನಿಮ್ಮ ಇಮೇಲಿಗೆ ಕಳಿಸಿಡಿ. ಬಿಲ್ಲಿನಲ್ಲಿ ಬಾಡಿಯ ನಂಬರ್ ಮಾತ್ರ ಬರೆದು ಲೆನ್ಸಿನದ್ದು ಬಿಡುವ ಅಂಗಡಿಗಳು ಇವೆ, ಕೊಳ್ಳುವಾಗಲೇ ಕೇಳಿ ಬರೆಸಿಕೊಳ್ಳಿ.

ವಿಮೆ ಮಾಡಿಸುವುದಾದರೆ ಕಳವು, ಬಿದ್ದು ಒಡೆಯುವುದು ಎರಡೂ ಸೇರಿದೆಯಾ ನೋಡಿ. ನಿಲ್ಲಿಸಿದ ಕಾರಿನೊಳಗಿಂದ ಹೋದರೆ ಕೊಡುತ್ತಾರಾ, ಕಿಟಕಿ ಒಡೆದ ಗುರುತು ಬೇಕಾ, ಸಂಬಳಕ್ಕೆ ಶೂಟ್ ಮಾಡುವಾಗಲೂ ಅನ್ವಯಿಸುತ್ತದಾ, ಈ ಮೂರು ಪ್ರಶ್ನೆಗೆ ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಕಳವಾದರೆ 112ಕ್ಕೆ ಕರೆ ಮಾಡಿ, ಆಮೇಲೆ ಹತ್ತಿರದ ಠಾಣೆಗೆ ಹೋಗಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಘಟನೆ ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ದೂರು ಕೊಡಬಹುದು. ಪ್ರವಾಸದಲ್ಲಿದ್ದಾಗ ಇದು ಬಹಳ ಉಪಯೋಗ, ಬಸ್ಸಿನಲ್ಲಿ ಎಲ್ಲಿ ಕಳೆದುಹೋಯಿತು ಅಂತ ಯಾರಿಗೆ ಗೊತ್ತಿರುತ್ತದೆ? ಇಮೇಲಿನಲ್ಲಿ ನೀಟಾಗಿ ಕೂತಿರುವ ಸೀರಿಯಲ್ ನಂಬರುಗಳನ್ನು ದೂರಿನಲ್ಲಿ ಒಂದೂ ಬಿಡದೆ ಬರೆಸಿ. ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಪಡೆಯುವುದು ನಿಮ್ಮ ಹಕ್ಕು, ಅದನ್ನು ತೆಗೆದುಕೊಳ್ಳದೆ ಠಾಣೆಯಿಂದ ಹೊರಡಬೇಡಿ.